ಅಪ್ಪನ ಕಲ್ಲು ಯಾರ ಮನೆಗೆ?

ಹುಬ್ಬಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಶಿಲಾಘಟ ಗುಂಯ್ ಎನ್ನುತ್ತಿತ್ತು. ದಹನದಿಂದ ಹೊರಟ ಇಂಗಾಲದ ಡೈಆಕ್ಸೈಡನ್ನು ಆಕಾಶಕ್ಕೆ ಬಿಡದೆ, ಉಕ್ಕಿನ ಪಾತ್ರೆಯಲ್ಲಿ ಕರಿಕಲ್ಲಿನ ಪುಡಿಯೊಂದಿಗೆ ಅದುಮಿ ಬಿಳಿ ಕಲ್ಲಾಗಿಸುವ ಯಂತ್ರ ಅದು. ಬೂದಿ ಹೊಳೆಗೆ, ಕಲ್ಲು ಮನೆಗೆ. ಸತ್ತವರೊಬ್ಬರಿಗೆ ಒಂದೇ ಕಲ್ಲು. ಪ್ರಲ್ಹಾದನಿಗೂ ಅವನ ಅಕ್ಕ ಇಂದುಮತಿಗೂ ಬೆಳಗಿನಿಂದ ಜಟಾಪಟಿ ನಡೆದದ್ದು ಅದಕ್ಕೇ. ಅಪ್ಪನ ಕಲ್ಲು ತನಗೇ ಬೇಕೆಂದು ಇಬ್ಬರದೂ ಹಠ.

ಆದರೆ ಕಲ್ಲೇ ಆಗಿರಲಿಲ್ಲ. ಗಾಜಿನ ಕಿಂಡಿಯಲ್ಲಿ ಎಷ್ಟು ಇಣುಕಿದರೂ ಪುಡಿ ಪುಡಿಯಾಗಿಯೇ ಇತ್ತು.

“ಇಷ್ಟ ಒತ್ತಡ ಹಾಕೀರಿ, ಯಾಕ ಕಲ್ಲಾಗವಲ್ದು?” ಎಂದ ಪ್ರಲ್ಹಾದ.

“ಗ್ಯಾಸ್ ತೀರಾ ಒಣಗೇದರಿ,” ಎಂದರು ಯಂತ್ರ ಕಟ್ಟಿದ ವಿಜ್ಞಾನಿ ಡಾ. ಶೈಲಜಾ. “ಒಣ ಗ್ಯಾಸ್ ಎಷ್ಟ ಅದುಮಿದ್ರೂ ಕಲ್ಲಿಗೆ ಹತ್ತೂದಿಲ್ಲ. ನಡುವ ನೀರಿನ ತೆಳ್ಳನ ಪದರ ಬೇಕು. ಕಲ್ಲಿನ್ಯಾಗಿನ ಮೆಗ್ನೀಷಿಯಂ, ಸುಣ್ಣದ ಅಂಶ ಅದರಾಗ ಕರಗಿ ಬಂದು ಗ್ಯಾಸಿನ ಕೂಡ ಸೇರ್ತಾವ. ನೀರು ಹೆಚ್ಚಾತಂದ್ರ ಕರಗಿದ್ದು ಕರಗೇ ಉಳೀತದ. ಮ್ಯಾಲಿನ ಬಟ್ಟಲದಾಗ ಒಂದ ಚಮಚ ಹಾಕ್ರಿ, ಪಂಪು ಒಳಗ ತಗೋತದ.”

ಹೇಳಿದವರು ಫೋನು ಬಂತೆಂದು ಹೊರಗೆ ಹೋದರು. ಅಲ್ಲೇ ಎಡವಟ್ಟಾಯಿತು. ಅಪ್ಪ ಆಸ್ಪತ್ರೆಯಲ್ಲಿ ಹಠಾತ್ತನೆ ಹೋಗಿದ್ದ. ಕೊನೆಗಾಲಕ್ಕೆ ಬಾಯಿಗೆ ನೀರು ಬಿಡುವ ಭಾಗ್ಯ ಯಾರಿಗೂ ಸಿಕ್ಕಿರಲಿಲ್ಲ. ಪ್ರಲ್ಹಾದ ಒಂದು ಚಮಚ ಹಾಕಿದ. ಅವನ ಕೈಯಿಂದ ಚಮಚ ಕಸಿದು ಇಂದುಮತಿ ಹಾಕಿದಳು. ಕಾಕಾ ಹಾಕಿದ, ಸೊಸೆ ಹಾಕಿದಳು, ಆಮೇಲೆ ನೆಂಟರೆಲ್ಲ ಅಳುತ್ತಾ ಸಾಲು ಹಚ್ಚಿದರು. ಬೇಡವೆನ್ನಲು ಯಾರಿಗೆ ಬಾಯಿ ಬಂದೀತು?

ಶೈಲಜಾ ಮರಳಿ ಬಂದು ಕಿಂಡಿಯಲ್ಲಿ ನೋಡಿ ಕಕ್ಕಾಬಿಕ್ಕಿಯಾದರು. ಕಲ್ಲೂ ಇಲ್ಲ, ಪುಡಿಯೂ ಕಾಣದು, ಕಿಂಡಿ ತುಂಬ ಬರೀ ಕದಡಿದ ನೀರು. ಒತ್ತಡ ಇಳಿಸಲೆಂದು ಕವಾಟ ತಿರುವಿದ್ದೇ ತಡ, ಅಲ್ಲಾಡಿಸಿದ ಸೋಡಾ ಬಾಟಲಿಯಂತೆ ಬುಸ್ಸೆಂದು ನೊರೆ ಉಕ್ಕಿ ಎಲ್ಲರ ಮೈಮೇಲೆ ಬಿತ್ತು. ಅಳಬೇಕೋ ನಗಬೇಕೋ ಯಾರಿಗೂ ತಿಳಿಯಲಿಲ್ಲ.

“ನಮ್ಮಪ್ಪ ಎಲ್ಲಿ ಈಗ?” ಇಂದುಮತಿ ಹೆದರಿ ಕೇಳಿದಳು.

“ನಿಮ್ಮ ಮೈಮ್ಯಾಲ ಅದಾರ್ರಿ,” ಎಂದರು ಶೈಲಜಾ, ತಮಗೇ ನಂಬಿಕೆ ಬಾರದವರಂತೆ. “ಗ್ಯಾಸ್ ಹಾರಿ ನೀರು ಆರಿದ ಮ್ಯಾಲ ಬೆಳ್ಳಗ ಉಳೀತದಲ್ಲ, ಅದ ಆ ಕಲ್ಲು.”

ಮನೆ ಮುಟ್ಟುವಷ್ಟರಲ್ಲಿ ಇಬ್ಬರ ಮುಂಗೈ ಮೇಲೂ ತೆಳುವಾದ ಬಿಳಿ ಪದರ ಕಟ್ಟಿತ್ತು. ಮಸಣದಿಂದ ಬಂದವರು ಮೀಯದೆ ಒಳಗೆ ಹೋಗುವಂತಿಲ್ಲ. ಹಿತ್ತಲಲ್ಲಿ ಹಂಡೆ ತುಂಬ ಬಿಸಿನೀರು ಕಾದಿತ್ತು.

“ನೀ ಮೊದಲ ಜಳಕ ಮಾಡೋ,” ಎಂದಳು ಅಕ್ಕ.

“ಇಲ್ಲಕ್ಕಾ, ನೀನ ಮಾಡು.”

ತಂಬಿಗೆ ಇಬ್ಬರ ಕೈಯಲ್ಲೂ ಇತ್ತು. ನೀರು ತಣ್ಣಗಾದರೂ ಯಾರೂ ಹುಯ್ದುಕೊಳ್ಳಲಿಲ್ಲ.