‘ನೋಡ್ವ’ ಅಂದವನ ರಿವ್ಯಾಲ್ಯುಯೇಶನ್

ಹೆಣ್ಣು ನೋಡಲು ಬಂದವನು ಎರಡು ಸಲ ಶಿರಾ ಹಾಕಿಸಿಕೊಂಡು ತಿಂದು, ಹೊರಡುವಾಗ "ನೋಡ್ವ" ಅಂತ ಹೇಳಿ ಹೋದರೆ ಏನರ್ಥ? ನಮ್ಮ ಅಂಕೋಲೆ ಕಡೆ ಸಣ್ಣ ಮಕ್ಕಳನ್ನು ಕೇಳಿದರೂ ಹೇಳ್ತಾವೆ. ಬಾಯಲ್ಲಿ ‘ನೋಡೋಣ’, ಮನಸ್ಸಲ್ಲಿ ಬೇಡ ಅಂತ ಅರ್ಥ.

ಹಾಗೆ ಹೇಳಿ ಹೋದ ಶಿರವಾಡದ ನಿತೇಶ, ತಿಂಗಳು ಕಳೆಯುವುದರೊಳಗೆ ಕಾರವಾರದಲ್ಲಿ ನಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದ. ನೀಲಿ ಚೆಕ್ಸ್ ಶರ್ಟು. ಬೊಬ್ರುವಾಡದ ನಮ್ಮ ಮನೆಗೆ ಹಾಕಿಕೊಂಡು ಬಂದಿದ್ದ ಅದೇ ಶರ್ಟು! ನನಗೆ ಮೈಯೆಲ್ಲ ಉರಿದು ಹೋಯಿತು.

ನಾನು ಒಂದು ಆಸ್ಪತ್ರೆಯ ರಿಸೆಪ್ಶನ್‌ನಲ್ಲಿ ಕೂರುವವಳು. ಅವನು ಬೇಲೆಕೇರಿಯಲ್ಲಿ ಅದಿರಿನ ಹಡಗುಗಳ ವ್ಯವಹಾರ ನೋಡುವ ಏಜೆಂಟರ ಆಫೀಸಿನವ. ಇಬ್ಬರಿಗೂ ಇಂಗ್ಲಿಷ್ ಬೇಕು, ಒಪ್ಪಿದೆ. ಆದರೆ ಇಡೀ ಕಾರವಾರದಲ್ಲಿ ಇವನಿಗೆ ಬೇರೆ ಕ್ಲಾಸೇ ಸಿಗಲಿಲ್ಲವಾ?

ಬಂದವನು ನನ್ನ ಹಿಂದಿನ ಬೆಂಚಲ್ಲೇ ಕೂತ. ನಾನು ತಿರುಗಿದರೆ ಕಿಟಕಿ ನೋಡುತ್ತಿದ್ದ. ನಾನು ಮುಂದೆ ನೋಡಿದರೆ ನನ್ನ ಜಡೆ ನೋಡುತ್ತಿದ್ದ. ಪಕ್ಕದ ಮಂಜಿ ಎಲ್ಲವನ್ನೂ ನನಗೆ ಪಿಸುಗುಟ್ಟಿ ವರದಿ ಮಾಡುತ್ತಿದ್ದಳು.

ಇತ್ತ ಮನೆಯಲ್ಲಿ, ಬರುವ ಭಾನುವಾರ ಕುಮಟೆಯಿಂದ ಇನ್ನೊಬ್ಬ ನೋಡಲು ಬರುವುದೆಂದು ನಿಶ್ಚಯವಾಗಿತ್ತು. "ಈ ಸಲ ಆದ ಹಾಗೇ" ಅಂತ ಅಪ್ಪ ಖುಷಿಯಲ್ಲಿದ್ದರು. ನನಗೋ, ಸಿಟ್ಟಿದ್ದದ್ದೂ ನಿತೇಶನ ಮೇಲೆ, ಮನಸ್ಸಿದ್ದದ್ದೂ ನಿತೇಶನ ಮೇಲೆ. ಎಂಥ ಕರ್ಮ ನೋಡಿ.

ಗುರುವಾರ ಮಧುಕರ ಸರ್ ಬೋರ್ಡಿನ ಮೇಲೆ ‘ರಿವ್ಯಾಲ್ಯೂ’ ಅಂತ ಬರೆದರು.

"ರಿವ್ಯಾಲ್ಯುಯೇಶನ್ ನಿಮಗೆಲ್ಲ ಗೊತ್ತುಂಟು. ಪಿಯುಸಿ ರಿಸಲ್ಟ್ ಬಂದ ಕೂಡ್ಲೆ ಓಡಿ ಹೋಗಿ ಹಾಕ್ತ್ರಿ. ಇಂಗ್ಲಿಷಲ್ಲಿ ಅದನ್ನ ಹಾಕುದಿಲ್ಲ! ಮತ್ತೊಂದ್ಸಲ ಬೆಲೆ ಕಟ್ಟೋದಕ್ಕೆ ರಿವ್ಯಾಲ್ಯೂ ಅಂತ್ಲೇ ಕ್ರಿಯಾಪದ ಉಂಟು. ಒಬ್ಬೊಬ್ಬರೂ ಒಂದು ವಾಕ್ಯ ಮಾಡಿ."

ಮಂಜಿ ಎದ್ದು, "ದ ಬ್ಯಾಂಕ್ ರಿವ್ಯಾಲ್ಯೂಡ್ ಅವರ್ ಗೋಲ್ಡ್" ಅಂದಳು. ಭೇಷ್ ಸಿಕ್ಕಿತು. ನನ್ನ ಸರದಿ ಬಂತು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುವುದು.

"ಸಮ್ ಬಾಯ್ಸ್ ಈಟ್ ಶಿರಾ ಆ್ಯಂಡ್ ಸೇ ನೋಡ್ವ. ದೇ ಶುಡ್ ರಿವ್ಯಾಲ್ಯೂ ದೆಮ್‌ಸೆಲ್ವ್ಸ್."

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಿತೇಶನ ಕಿವಿ ಕೆಂಪಗಾಗಿದೆ ಅಂತ ಮಂಜಿಯ ವರದಿ ಬಂತು. "ಗ್ರಾಮರ್ ಸರಿ ಉಂಟು. ಕತೆ ಎಂತದೋ ನನಗೆ ತಿಳೀಲಿಲ್ಲ" ಅಂದರು ಸರ್.

ನಿತೇಶ ಎದ್ದು ನಿಂತ. "ಐ ಪುಟ್ ರಿವ್ಯಾಲ್ಯುಯೇಶನ್..."

"ಹಾಕ್ಬೇಡ ಅಂದ್ನಲ್ಲ ಮಾರಾಯ!"

"ಸಾರಿ ಸರ್. ಪ್ಲೀಸ್ ರಿವ್ಯಾಲ್ಯೂ ಮೈ ಆನ್ಸರ್. ಐ ಗೇವ್ ಓನ್ಲಿ ಹಾಫ್."

ಹೇಳಿದ್ದು ಸರ್‌ಗೆ, ನೋಡಿದ್ದು ನನ್ನನ್ನು. ಈ ಸಲ ಕಿಟಕಿ ಕಡೆ ತಿರುಗಲಿಲ್ಲ. ನಾನೇ ತಿರುಗಿಕೊಂಡೆ.

ಕ್ಲಾಸ್ ಬಿಟ್ಟಮೇಲೆ ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಹಿಂದೆ ಬಂದ. ಅಂಕೋಲೆ ಬಸ್ಸು ಇನ್ನೂ ಬಂದಿರಲಿಲ್ಲ. ನಾನೇ ಕೇಳಿದೆ, "ಅರ್ಧ ಉತ್ತರ ಅಂದ್ರೆ ಎಂತದು?"

"ನಿಮ್ಮಪ್ಪ ‘ಮತ್ತೆ ಹೇಗೆ?’ ಅಂತ ಕೇಳಿದ್ರಲ್ಲ. ನಂಗೆ ಒಪ್ಪಿಗೆ, ಹುಡುಗಿ ಎಂತ ಹೇಳ್ತಾಳೋ ನೋಡ್ವ ಅನ್ಬೇಕಂತ ಹೊರಟಿದ್ದೆ. ಅಷ್ಟೊತ್ತಿಗೆ ನೀವು ಬಾಗಿಲ ಹತ್ರ ಬಂದು ನಿಂತ್ರಿ. ಎಲ್ಲ ಗಂಟಲಲ್ಲೇ ಉಳೀತು. ಕಡೇ ಶಬ್ದ ಒಂದೇ ಹೊರಗೆ ಬಂತು."

"ಆಮೇಲಾದ್ರೂ ಹೇಳಿ ಕಳಿಸ್ಲಿಕ್ಕೆ ಆಗ್ಲಿಲ್ವಾ?"

"ಸಂಬಂಧ ತಂದ ಕಾಮಿ ಅತ್ತೆ ಹತ್ರ ಕೇಳ್ದೆ. ಹುಡುಗಿ ಮನೆಯವ್ರು ಸುದ್ದೀನೇ ಎತ್ತಲ್ಲ ಅಂದ್ರು. ನಿಮಗೇ ನಾನು ಬೇಡ ಅಂದ್ಕಂಡೆ."

ಸುದ್ದಿ ಎತ್ತುವುದು ಹೇಗೆ? ‘ನೋಡ್ವ’ ಕೇಳಿದ ಮೇಲೆ ನಾವೂ ಬಾಯಿ ಮುಚ್ಚಿಕೊಂಡು ಕೂತಿದ್ದೆವಲ್ಲ!

"ಮತ್ತೆ ಈ ಕ್ಲಾಸು?"

"ನೀವು ಬರ್ತ್ರಿ ಅಂತ ಗೊತ್ತಾಗಿ ಸೇರ್ದೆ. ಕ್ಯಾಪ್ಟನ್ನರ ಹತ್ರ ನನ್ನ ಇಂಗ್ಲಿಷ್ ಹೇಗೋ ನಡೀತದೆ. ನಿಮ್ಮ ಹತ್ರ ಕನ್ನಡಾನೇ ನಡೀಲಿಲ್ಲ."

ನಗು ತಡೆಯಲಾಗಲಿಲ್ಲ. ಅಬ್ಬಾ, ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಅರೆಯುವ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತು. ನಾನು ಬೇಡವಾದವಳಲ್ಲ. ಅಷ್ಟು ಗೊತ್ತಾದದ್ದೇ ಸಾಕಾಗಿ ಕಣ್ಣಲ್ಲಿ ನೀರೂ ಬಂತು.

"ರಿವ್ಯಾಲ್ಯೂ ಮಾಡಿದ್ರೆ ಮಾರ್ಕ್ಸ್ ಇಳೀಲೂಬಹುದು, ಗೊತ್ತುಂಟಲ್ಲ?" ಅಂದೆ.

"ಜಸ್ಟ್ ಪಾಸ್ ಮಾಡಿ, ಸಾಕು."

"ಭಾನುವಾರ ಕುಮಟೆಯವ್ರು ನೋಡ್ಲಿಕ್ಕೆ ಬರ್ತ್ರು."

ಅವನ ಮುಖ ಬಾಡಿತು. ಬಸ್ಸು ಬಂತು. ನಾನು ಹತ್ತಿದೆ. ಕಿಟಕಿಯ ಕೆಳಗೆ ಓಡಿ ಬಂದು, "ಹಾಗಾದ್ರೆ ಶನಿವಾರ ನಾನು ಬರ್ತೇನೆ! ಬರ್ಲಾ?" ಅಂದ.

"ಬನ್ನಿ" ಅಂದೆ. ಬಸ್ಸಿನವರೆಲ್ಲ ನನ್ನನ್ನೇ ನೋಡಿದರು. ನೋಡಲಿ ಬಿಡಿ.

ಶನಿವಾರ ಬಂದ. ಅದೇ ಚೆಕ್ಸ್ ಶರ್ಟು. ಕೂರುವ ಮೊದಲೇ, ಉಸಿರು ತೆಗೆದುಕೊಳ್ಳದೆ, ಅಪ್ಪನ ಮುಂದೆ ಪೂರ್ತಿ ವಾಕ್ಯ ಒಪ್ಪಿಸಿದ. ಅಪ್ಪ ತಬ್ಬಿಬ್ಬಾಗಿ ಅವನನ್ನು ನೋಡಿದರು, ಆಮೇಲೆ ಅವನನ್ನು ಕೂರಿಸಿ ಕೈಗೆ ಶಿರಾ ಕೊಟ್ಟ ನನ್ನನ್ನು ನೋಡಿದರು.

"ರೂಪಾಲಿ, ನೀ ಎಂತ ಹೇಳ್ತೆ?"

"ನೋಡ್ವ" ಅಂದೆ.

ಬಾಯಿಗೆ ಹೊರಟಿದ್ದ ಅವನ ಚಮಚ ಅಲ್ಲೇ ನಿಂತಿತು. ಅಯ್ಯೋ ಪಾಪ, ಬಣ್ಣವೇ ಇಳಿದು ಹೋಯಿತು ಮುಖದ್ದು. ಇನ್ನೂ ಸ್ವಲ್ಪ ಹೊತ್ತು ಆಟ ಆಡಿಸಬೇಕು ಅಂದುಕೊಂಡಿದ್ದೆ. ನನ್ನಿಂದಲೇ ಆಗಲಿಲ್ಲ.

"ಮುಹೂರ್ತ ಯಾವಾಗ ಸಿಗ್ತದೆ ಅಂತ ನೋಡ್ವ, ಅಪ್ಪಾ."