ಉದುರಿದ ಕೊಂಬಿನ ಪಾಚಿ

ಬಹಳ ಹಿಂದೆ, ಹಿಮದ ಬೆಟ್ಟಗಳಿಗೂ ಬಡಗಲಲ್ಲಿ, ಬೇಸಿಗೆಯಲ್ಲೂ ಕಂಬಳಿ ಹೊದೆಯುವ ಒಂದು ರಾಜ್ಯವಿತ್ತು. ರಾಜ ತೋರಣದೇವ, ರಾಣಿ ಹಿಮಾಂಬೆ, ಒಬ್ಬಳೇ ಮಗಳು ಮುಗುಳಿ. ಒಂದು ಬೆಳಿಗ್ಗೆ ನೋಡಿದರೆ ರಾಣಿ ಇಲ್ಲ. ಅದೇ ಬೆಳಿಗ್ಗೆ ಅರಮನೆಗೆ ಅತ್ತರು ಮಾರಲು ಬರುತ್ತಿದ್ದ ಸುಬಗನೂ ಇಲ್ಲ! ಇನ್ನು ಕೇಳಬೇಕೆ? ಊರಿನ ಬಾಯಿಗೆ ಹಬ್ಬ. "ಸೀಸೆ ಎತ್ತಿ ಎತ್ತಿ ಮೂಸುವಾಗಲೇ ಅಂದುಕೊಂಡೆ ಕಣೇ" ಅಂದವಳು ರಾಣಿಯನ್ನು ಹತ್ತಿರದಿಂದ ಕಂಡವಳೇ ಅಲ್ಲ.

ನಿಜ ಬೇರೆಯೇ ಇತ್ತು. ಅರಮನೆಯ ಮಾಂತ್ರಿಕ ಜಡೆಮಾರ ರಾಣಿಯ ಮೂಗುತಿ ಕಳಚಿ, ಅವಳನ್ನು ಸಾರಂಗ ಮಾಡಿ ಕಾಡಿಗೆ ಅಟ್ಟಿದ್ದ. ತನ್ನ ತಂಗಿಯನ್ನು ರಾಜನಿಗೆ ಕಟ್ಟಬೇಕಿತ್ತಲ್ಲ! ಆ ತಂಗಿಗೆ ಆಗಲೇ ಎರಡು ಸಂಬಂಧ ಮುರಿದಿತ್ತು. ಯಾಕೆ ಅಂತ ಹೇಳಹೊರಟರೆ ಈ ಕತೆ ಮುಗಿಯುವುದಿಲ್ಲ. ಮಾಟಕ್ಕೆ ಒಂದು ಗಂಟು ಬಾಕಿಯಿತ್ತು. ಗಂಡನೇ ಕೈಯಾರೆ ಎಳ್ಳುನೀರು ಬಿಟ್ಟರೆ ಹಿಮಾಂಬೆ ಎಂದೆಂದಿಗೂ ಮೃಗವಾಗಿಯೇ ಉಳಿಯಬೇಕು.

ಕೆಲವು ವರ್ಷ ಕಾದು ಜಡೆಮಾರ ಹೇಳಿದ: "ಪ್ರಭು, ರಾಣಿ ಓಡಿಹೋಗಿಲ್ಲ, ಸತ್ತಿದ್ದಾಳೆ. ಬಡಗಣ ಜೌಗಿನಲ್ಲಿ ಒಂದು ಪಾಚಿ ಇದೆ. ಕಲ್ಲಿನ ಮೇಲೆ ಬೆಳೆಯದು, ಮರದ ಮೇಲೆ ಬೆಳೆಯದು. ಸತ್ತದ್ದರ ಮೇಲೆ ಮಾತ್ರ ಬೆಳೆಯುತ್ತದೆ. ರಾಣಿಯ ಮೂಗುತಿ ಅದರ ನಡುವೆ ಹೊಳೆಯುತ್ತಿದೆ."

ರಾಜ ಅತ್ತ. ಅತ್ತರೂ ಒಳಗೊಳಗೇ ಹಗುರಾದ. ಹೆಂಡತಿ ಓಡಿಹೋದಳು ಅನ್ನುವುದಕ್ಕಿಂತ ಸತ್ತಳು ಅನ್ನುವುದೇ ಮೇಲು ಅನ್ನಿಸಿತು ಪಾಪ, ಗಂಡಸಿಗೆ.

"ನಾನು ಕಣ್ಣಾರೆ ನೋಡಿ ಬರುವವರೆಗೆ ಎಳ್ಳು ಮುಟ್ಟಬೇಡಿ ಅಪ್ಪಾಜಿ" ಎಂದಳು ಮುಗುಳಿ.

"ಅಮಾವಾಸ್ಯೆಯವರೆಗೆ ಕಾಯುತ್ತೇನೆ ಮಗಳೇ."

"ಗುರುತಿಗೆ ಒಂದು ಹಿಡಿ ಪಾಚಿ ಕಿತ್ತು ತಾ" ಎಂದು ಜಡೆಮಾರ ಮೀಸೆಯೊಳಗೇ ನಕ್ಕ. ತಪ್ಪು ಪಾಚಿ ಕಿತ್ತರೆ ಹುಡುಗಿ ಕಲ್ಲಾಗುತ್ತಾಳೆ. ಸರಿಯಾದದ್ದು ಸಿಕ್ಕರೆ ತಾಯಿ ಸತ್ತಳೆಂದು ನಂಬುತ್ತಾಳೆ. ಎರಡರಲ್ಲೂ ಅವನಿಗೇ ಗೆಲುವು.

ಜೌಗಿನ ಬಾಗಿಲಲ್ಲಿ ಮೈತುಂಬ ಹಸಿರು ಹೊದ್ದ ಕರಡಿಯೊಂದು ಸತ್ತಂತೆ ಬಿದ್ದಿತ್ತು. "ನಾನು ಸತ್ತಿದ್ದೇನೆ, ನನ್ನ ಪಾಚಿ ಕಿತ್ತುಕೋ" ಎಂದಿತು.

ಮುಗುಳಿ ಬಗ್ಗಿ ಮೂಸಿದಳು. ಮಳೆನೀರಿನ ವಾಸನೆ. "ಸತ್ತವರು ಇಷ್ಟು ಮಾತಾಡುತ್ತಾರೇನೋ? ನೀನು ಕಲ್ಲು!" ಎಂದಳು. ಕರಡಿ ಪುಡಿಯಾಯಿತು.

ಮುಂದೆ ಒಂದು ತೋಳ, ಅದರ ಮೇಲೂ ಹಸಿರು. ಈ ಸಲ ತೋಳ ಬಾಯಿ ಬಿಗಿಹಿಡಿದಿತ್ತು. ಮುಗುಳಿ ಮೂಸಿದಳು. ಅಣಬೆಯ ವಾಸನೆ. "ನೀನು ಮರ" ಎಂದಳು. ತೋಳ ಕೊರಡಾಗಿ ಉರುಳಿತು.

ಮೂರನೆಯ ಕಡೆ ಬಿಳಿ ಗೂಬೆಯೊಂದು ಕಾವಲಿತ್ತು. ಅದರ ಕಾಲ ಬಳಿ ಗಿಡ್ಡ ಹಸಿರು ಪಾಚಿ, ಮೇಲೆ ಕಡ್ಡಿಕಡ್ಡಿಯಾಗಿ ಎದ್ದ ಪುಟ್ಟ ಕೆಂಪು ಕೊಡೆಗಳು. ಕೊಳೆತ ಮೀನಿನ ನಾತ. ನೊಣಗಳೋ, ಮದುವೆಮನೆಯ ಜನ ನೆರೆದಂತೆ! ನಡುವೆ ಅಮ್ಮನ ಮೂಗುತಿ. ಮುಗುಳಿ ಕುಸಿದು ಕೂತು ಅತ್ತಳು.

"ಸಿಕ್ಕಿತಲ್ಲ? ಒಂದು ಹಿಡಿ ಕಿತ್ತುಕೊಂಡು ಹೋಗು" ಎಂದಿತು ಗೂಬೆ.

ಅಮ್ಮನ ಮೂಳೆಯಿಂದ ಕೀಳಲು ಯಾವ ಮಗಳಿಗೆ ಕೈ ಬರುತ್ತದೆ? ಮೂಳೆಯನ್ನೇ ಮಡಿಲಲ್ಲಿ ಒಯ್ಯೋಣವೆಂದು ಬೆರಳಿನಿಂದ ಮಣ್ಣು ಬಿಡಿಸಿದಳು. ಕವಲೊಡೆದ ಕೊಂಬು ಬಂತು! ಅದರ ತುದಿಗೆ ಮೂಗುತಿ ಅಂಟಿಕೊಂಡಿತ್ತು. ಬುಡ ನೋಡಿದಳು. ಮುರಿದಿಲ್ಲ, ಕಡಿದಿಲ್ಲ, ತಲೆಬುರುಡೆಯ ಚೂರೂ ಇಲ್ಲ. ಗುಂಡಗೆ, ತಾನಾಗಿ ಕಳಚಿದ ಬುಡ. ಆ ದೇಶದಲ್ಲಿ ಹೆಣ್ಣು ಸಾರಂಗಕ್ಕೂ ಕೊಂಬಿರುತ್ತದೆ, ವರ್ಷವರ್ಷ ಉದುರುತ್ತದೆ. ಅರಮನೆಯ ಹಟ್ಟಿಯಲ್ಲಿ ಬೋಳುತಲೆಯಾಗಿ ಮುನಿಸಿಕೊಂಡು ನಿಲ್ಲುವ ಸಾರಂಗಗಳನ್ನು ಅಮ್ಮನೇ ತೋರಿಸಿ ನಗಿಸುತ್ತಿದ್ದಳಲ್ಲ!

"ಇದು ಸತ್ತದ್ದಲ್ಲ, ಬಿಟ್ಟುಹೋದದ್ದು! ಅಮ್ಮ ಸಾರಂಗವಾಗಿ ಬದುಕಿದ್ದಾಳೆ!" ಎಂದು ಮುಗುಳಿ ಕೂಗಿದಳು. ಗೂಬೆ ನಾಚಿ ಹಾರಿಹೋಯಿತು.

ದಪ್ಪ ನೊಣವೊಂದು ಅವಳ ಭುಜದ ಮೇಲೆ ಕೂತಿತು. "ಈಗ ತಿಳಿಯಿತೇನೇ ಅಳುಬುರುಕಿ? ನಾವು ಈ ಪಾಚಿಯ ಧೂಳನ್ನು ಕಾಲಿಗೆ ಮೆತ್ತಿಕೊಂಡು ಹೊಸ ಸಗಣಿ ಎಲ್ಲಿದೆಯೋ ಅಲ್ಲಿಗೆ ಹೋಗುತ್ತೇವೆ. ಸಾರಂಗದ ಹಿಂಡೂ ಅಲ್ಲೇ ಇರುತ್ತದೆ. ಮೂಗು ಮುಚ್ಚಿಕೊಂಡು ಬಾ."

ನೊಣಗಳ ಹಿಂದೆ ಓಡಿದಳು. ಹಿಂಡಿನಲ್ಲಿ ಒಂದು ಸಾರಂಗ ಬಂದು ಅವಳ ಹಣೆ ನೆಕ್ಕಿತು. ಕಣ್ಣು ಅಮ್ಮನದೇ.

ಅಮಾವಾಸ್ಯೆಯ ದಿನ ರಾಜ ತಂಬಿಗೆ ಎತ್ತಿದ್ದ. ಮುಗುಳಿ ಸಾರಂಗವನ್ನು ಎಳೆದುಕೊಂಡೇ ಒಳನುಗ್ಗಿದಳು.

"ಪಾಚಿ ಸಿಕ್ಕಿತೇ?" ಎಂದ ಜಡೆಮಾರ.

"ಸಿಕ್ಕಿತು. ಅಮ್ಮನೂ ಸಿಕ್ಕಿದಳು" ಎಂದು ಕೊಂಬಿನಿಂದ ಮೂಗುತಿ ಬಿಡಿಸಿ ಸಾರಂಗದ ಮೂಗಿಗೆ ಇಟ್ಟಳು. ಮೂಗುತಿ ಮೂಗಿಗೆ ಸೇರಿದ್ದೇ ಮಾಟ ಕಳಚಿತು. ಅಲ್ಲಿ ಹಿಮಾಂಬೆ ನಿಂತಿದ್ದಳು, ಕೂದಲಲ್ಲಿ ಹುಲ್ಲು, ಕಾಲಲ್ಲಿ ಕೆಸರು. ರಾಜ ತಂಬಿಗೆ ಬಿಟ್ಟು ಅವಳತ್ತ ಓಡಿದ, ಎಳ್ಳುನೀರು ಜಡೆಮಾರನ ಪಾದಕ್ಕೆ ಚೆಲ್ಲಿತು. ಮಾಟ ಮಾಡಿದವನಿಗೇ ತಿರುಗಿತು, ಅವನು ನಿಂತಲ್ಲೇ ಕಲ್ಲಾದ. ಆ ಕಲ್ಲಿನ ಮೇಲೆ ಯಾವ ಪಾಚಿಯೂ ಬೆಳೆಯಲಿಲ್ಲ.

ರಾಣಿ ಮೊದಲು ಕೇಳಿದ್ದು: "ನೀವೂ ನಂಬಿದಿರಾ?"

ರಾಜ ತಲೆ ತಗ್ಗಿಸಿದ. ರಾಣಿ ಹೇಳಿದಳು: "ಹೋಗಲಿ, ಮೊದಲು ಬಿಸಿನೀರು ಕಾಯಿಸಿ." ಅಂದು ಒಲೆಗೆ ಸೌದೆ ಒಟ್ಟಿದ್ದು ರಾಜನೇ!

ಅತ್ತರಿನ ಸುಬಗನೂ ಸಿಕ್ಕಿದ. ಪಕ್ಕದ ರಾಜ್ಯದಲ್ಲಿ ಅಡುಗೆ ಮಾಡುವ ವಿಧವೆಯೊಬ್ಬಳನ್ನು ಮದುವೆಯಾಗಿ ಅವಳಿ ಮಕ್ಕಳನ್ನು ಆಡಿಸುತ್ತಿದ್ದ. ಊರಿನ ಬಾಯಿ ಆ ಕಡೆ ತಿರುಗಿತು.

ರಾಣಿ ಆ ಕೊಂಬನ್ನು ಪಾಚಿಯ ಸಮೇತ ಅರಮನೆಯ ಅಂಗಳದಲ್ಲಿ ನೆಡಿಸಿದಳು. ತನ್ನ ಬಗ್ಗೆ ಆಡಿಕೊಂಡ ಹೆಂಗಸರನ್ನೆಲ್ಲ ಕರೆದು, ಅದರ ಪಕ್ಕದಲ್ಲೇ ಎಲೆ ಹಾಕಿ ಊಟ ಬಡಿಸಿದಳು. ಮೂಗು ಮುಚ್ಚಿದರೆ ಉಣ್ಣುವ ಹಾಗಿಲ್ಲ, ಉಂಡರೆ ಮೂಗು ಮುಚ್ಚುವ ಹಾಗಿಲ್ಲ! ಆಮೇಲೆ ಎಲ್ಲರೂ ನಕ್ಕರು, ರಾಣಿಯೂ ನಕ್ಕಳು. ಆ ನಗುವಿನಲ್ಲೇ ಅವರ ಕಾಲ ಸುಖವಾಗಿ ಸಾಗಿತು, ನೊಣಗಳ ಕಾಲವೂ.