ಏಳನೇ ಮಡಿಯ ಕೂಳೆ

ಎಂಟು ಕಿಲೋ ಹಸಿಮೇವು ಎಲ್ಲಿ ಹೋಯಿತು? ತಕ್ಕಡಿ ತಪ್ಪಿಲ್ಲ, ಎರಡು ಸಲ ತೂಗಿದ್ದೇನೆ. ಇದೇ ತಳಿ ಮೂರನೇ ಮಡಿಯಲ್ಲಿ ಚೆನ್ನಾಗಿಯೇ ತೂಗಿದೆ. ಹಾಗಾದರೆ ಅವಳೇ? ಛೆ, ಕಾವೇರಿ ಅಂಥವಳಲ್ಲ. ಆದರೆ ಅವಳ ಎಮ್ಮೆ ಇಲ್ಲೇ ಬದುವಿನಲ್ಲಿ ಕಟ್ಟಿದೆಯಲ್ಲ?

ಮಾಳಿಂಗ ವಹಿ ಮುಚ್ಚಿದ. ತೊಂಬತ್ತೆಂಟರ ಮುಂಗಾರಿನಲ್ಲಿ, ಒಣಭೂಮಿಗೆ ಯಾವ ಮೇವಿನ ಸಜ್ಜೆ ಒಗ್ಗುತ್ತದೆಂದು ನೋಡಲು, ದೇವರ ಹಿಪ್ಪರಗಿಯ ಹತ್ತಿರ ಕಾಳಪ್ಪನ ಹೊಲದಲ್ಲಿ ಕೃಷಿ ಇಲಾಖೆಯವರು ಹನ್ನೆರಡು ಮಡಿ ಬಿತ್ತಿದ್ದರು. ಕೃಷಿ ಪದವಿ ಮುಗಿಸಿದ್ದ ಮಾಳಿಂಗನಿಗೆ ಅದನ್ನು ನೋಡಿಕೊಳ್ಳುವ, ತೂಗಿ ಬರೆಯುವ ಕೆಲಸ. ಕೊಯ್ಯುವವಳು ಕಾಳಪ್ಪನ ಮಗಳು ಕಾವೇರಿ. ಇವತ್ತು ಎರಡನೆಯ ಕೊಯ್ಲು, ಕೊನೆಯದು. ನಾಳೆಯಿಂದ ಈ ಹೊಲಕ್ಕೆ ಬರಲು ಅವನಿಗೆ ಕಾರಣವೇ ಇರಲಿಲ್ಲ.

"ಏಳನೇ ಮಡೀದು ಕಮ್ಮಿ ಬಂದೈತಿ," ಅಂದ, ಅವಳತ್ತ ನೋಡದೆ. "ಎಮ್ಮಿಗೆ ಏನರ ಹಾಕಿದಿಯೇನು?"

"ಅಯ್ಯ ಸಾಹೇಬ್ರ! ಕಳ್ಳಿ ನಾನೋ, ನಮ್ಮ ಎಮ್ಮಿಯೋ?" ಕಾವೇರಿ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ವಹಿ ಬಿಟ್ಟು ಒಮ್ಮೆ ನೆಲಾ ನೋಡ್ರಿ."

ನೋಡಿದ. ಉಳಿದ ಮಡಿಗಳಲ್ಲಿ ಕೊಯ್ದು ಬಿಟ್ಟ ಕೂಳೆ ಅರ್ಧ ಗೇಣು, ಅವನು ಅಳೆದು ತೋರಿಸಿದಷ್ಟೇ. ಏಳನೆಯದರಲ್ಲಿ ಮಾತ್ರ ಎರಡು ಗೇಣು.

"ಮರತಿಯೇನು?"

"ಮರೀತೇನೇನ್ರಿ? ಮ್ಯಾಲೆ ಕೊಯ್ದ್ರ ಲಗೂನ ಚಿಗೀತೈತಿ ಅಂತ ನೀವ ಹೇಳಿದ್ರಿ. ಇಪ್ಪತ್ತು ದಿನಕ್ಕ ಮತ್ತ ಎದ್ದು ನಿಲ್ತೈತಿ. ಆವಾಗ ತೂಗಾಕ ಯಾರರ ಬರಬೇಕಲ್ಲ?"

ಸೆರಗಿಗೆ ಅಂಟಿದ್ದ ಎಲೆಯೊಂದನ್ನು ಅವಳು ಉದ್ದುದ್ದ ಸೀಳುತ್ತಿದ್ದಳು.

"ನಿಡಗುಂದಿಯವರು ಐತವಾರ ನನ್ನ ನೋಡಾಕ ಬರ್ತಾರ. ಬರ್ಲೋ ಬ್ಯಾಡೋ ಅಂತ ಅಪ್ಪ ಕೇಳಾಕತ್ತಾನ. ಏನು ಹೇಳ್ಲಿ?"

ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು. ಅವನು ಅವಳನ್ನು ಕೇಳಿದರೆ ಅಡ್ಡ ಬರುವವರು ಯಾರೂ ಇರಲಿಲ್ಲ. ಕುಲ ಬೇರೆಯಲ್ಲ. ಕಾಳಪ್ಪನಂತೂ ಅವನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳದೆ ರೊಟ್ಟಿ ಮುರಿಯುತ್ತಿರಲಿಲ್ಲ.

ಅವಳು ಎಲೆ ಬಿಟ್ಟು ಕುಡಗೋಲು ಎತ್ತಿಕೊಂಡಳು. ಮಾಳಿಂಗ ಅದಕ್ಕೆ ಕೈ ಚಾಚಿದ. ಹಿಡಿಯ ಮೇಲೆ ಬೆರಳಿಗೆ ಬೆರಳು ತಾಗಿತು. ಅವಳು ಕೂಡಲೇ ಬಿಡಲಿಲ್ಲ, ಅವನೂ ಎಳೆಯಲಿಲ್ಲ.

"ಎಲ್ಲಾ ಮಡಿ ಒಂದ ಎತ್ತರಕ್ಕ ಇರಬೇಕು," ಅಂದ.

ಅವಳು ಕೈ ಬಿಟ್ಟಳು.

ಬಗ್ಗಿ, ಸಾಲಿಗೆ ಸಾಲು, ಕೂಳೆಯನ್ನು ಅರ್ಧ ಗೇಣಿಗೆ ಇಳಿಸಿದ. ಕೊಯ್ದದ್ದನ್ನು ತೂಗಿದ. ಎಂಟು ಕಿಲೋ, ಮೇಲೆ ಸ್ವಲ್ಪ.

"ಕೂಡಿಸಿದ್ರ ಏಳನೇದ ಎಲ್ಲಾಕ್ಕಿಂತ ಹೆಚ್ಚು," ಅಂದ.

"ಗೆದ್ದೈತಲ್ಲ," ಅಂದಳು ಮೆಲ್ಲಗೆ. "ಕೊಯ್ದವರ ಹೆಸರು ಬರೀತಾರೇನ್ರಿ ವಹಿಯಾಗ?"

"ಅದಕ್ಕ ಜಾಗ ಇಲ್ಲ."

"ಹೌದ್ರಿ. ಇರಂಗಿಲ್ಲ ಬಿಡ್ರಿ."

ಎಮ್ಮೆಯ ಹಗ್ಗ ಬಿಚ್ಚಿ ಅವಳು ಹೊರಟಳು. ಬದು ದಾಟುವಾಗ ಒಮ್ಮೆ ತಿರುಗಿ, ಮಡಿಯನ್ನಲ್ಲ, ಅವನನ್ನು ನೋಡಿದಳು.

ಸಿಂದಗಿಯ ಬಸ್ಸಿನಲ್ಲಿ ಕೂತು, ಏಳನೇ ಮಡಿಯ ಅಂಕಿಯ ಪಕ್ಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಕಾವೇರಿ ಎಂದು ಬರೆದ. ಐತವಾರ ಬಂತು, ಹೋಯಿತು.

ನಿಡಗುಂದಿಯವರಿಗೆ ಬೇಡ ಅನ್ನು, ನಾನು ಬರುತ್ತೇನೆ ಎಂದು ಅವನು ಅವಳಿಗೆ ಹೇಳಲೇ ಇಲ್ಲ.